ಮೋಡದ ನೀರು ಭುಗಿಲೆದ್ದ ಮಂಗಳವಾರ

ರೇಡಿಯೋ ವೀಕ್ಷಣಾಲಯದಲ್ಲಿ ಅವಳನ್ನು ಎಲ್ಲರೂ ‘ನೀರಮ್ಮ’ ಎಂದೇ ಕರೆಯುತ್ತಿದ್ದರು. ದೊಡ್ಡ ಬೋಗುಣಿಯಂಥ ಆಂಟೆನಾವನ್ನು ಪ್ರತಿ ಮಂಗಳವಾರ ಬೆಳಿಗ್ಗೆ ನಕ್ಷತ್ರಗಳ ನಡುವಿನ ಒಂದೇ ಅನಿಲಮೋಡದತ್ತ ತಿರುಗಿಸುವುದು ಅವಳ ಕೆಲಸ. ಆ ಮೋಡದಲ್ಲಿರುವ ನೀರಿನ ಅಣುಗಳು ರೇಡಿಯೋ ಅಲೆಯನ್ನು ತಾವೇ ಹಲವು ಪಟ್ಟು ಬಲಪಡಿಸಿ ಕಳಿಸುತ್ತವೆ. ಅದಕ್ಕೆ ಮೇಸರ್ ಎನ್ನುತ್ತಾರೆ. ಪರದೆಯ ಮೇಲೆ ಅದು ಗುಬ್ಬಚ್ಚಿಯ ಕೊಕ್ಕಿನಷ್ಟು ಏರು, ಅಷ್ಟೆ. ಎಂದಾದರೂ ಒಂದು ದಿನ ಅದು ಭುಗಿಲೇಳುತ್ತದೆ ಎಂದು ನಂಬಿ ಈ ಕೆಲಸ ಶುರುಮಾಡಿದವರು ಹಳೆಯ ನಿರ್ದೇಶಕರು. ಹತ್ತೊಂಬತ್ತು ವರ್ಷವಾದರೂ ಏಳಲಿಲ್ಲ.

“ಮನೆ ನಲ್ಲೀಲಿ ತೊಟ್ಟು ನೀರಿಲ್ಲ, ನಮ್ಮ ಸೊಸೆ ಆಕಾಶದಲ್ಲಿ ಹುಡುಕ್ತಾಳೆ,” ಎಂದು ಅತ್ತೆ ಬಂದವರೆದುರು ನಗುತ್ತಿದ್ದರು.

ಹಳೆಯ ನಿರ್ದೇಶಕರು ನಿವೃತ್ತರಾದರು. ಮರೆವಿನ ಕಾಯಿಲೆ ಹಿಡಿಯಿತು. ಹೊಸಬರು ಬಂದವರೇ ನೀರಿನ ಅಲೆ ಹಿಡಿಯುವ ರಿಸೀವರನ್ನು ಆಂಟೆನಾದಿಂದ ಬಿಚ್ಚಿಸಿ ಬೇರೆಯದನ್ನು ಕೂರಿಸಲು ದಿನ ಗೊತ್ತುಮಾಡಿದರು. ಆ ದಿನವೂ ಮಂಗಳವಾರವೇ. ಕೊನೆಯ ಸಲವೆಂದು ಅವಳು ಆಂಟೆನಾ ತಿರುಗಿಸಿದಳು. ಏರು ಪರದೆಯ ಅಂಚು ದಾಟಿ ಹೋಯಿತು. ಅಳತೆಪಟ್ಟಿ ಬದಲಿಸಿ ನೋಡಿದಳು: ಎಂದಿನ ಮುನ್ನೂರು ಪಟ್ಟು! ಆಂಟೆನಾವನ್ನು ಪಕ್ಕಕ್ಕೆ ಸರಿಸಿದರೆ ಇಲ್ಲ. ಮೋಡಕ್ಕೆ ತಂದರೆ ಇದೆ. ಐದು ಸಲ ಹಾಗೇ. ಮೆಟ್ಟಿಲಿಳಿದು ಓಡಿದಳು.

“ಸರ್, ಎದ್ದಿದೆ! ನೀವೇ ಬಂದು ನೋಡಿ.”

“ಯಾವ್ದೋ ಕಾರಿನ ರೇಡಾರ್ ಇರ್ಬೇಕಮ್ಮ,” ಎಂದರು ಹೊಸ ನಿರ್ದೇಶಕರು.

“ಮೋಡದ ಕಡೆ ತಿರುಗಿಸ್ದಾಗ ಮಾತ್ರ ಕಾಣೋ ಕಾರು ಯಾವ್ದಿರುತ್ತೆ ಸರ್? ಎರಡು ವಾರ ಬಿಟ್ಕೊಡಿ, ಸಾಕು.”

“ಬಿಚ್ಚೋರು ಬಂದು ಕೂತಿದಾರೆ. ಹತ್ತೊಂಬತ್ತು ವರ್ಷ ಸುಮ್ನಿದ್ದಿದ್ದು ಇವತ್ತೇ ಏಳ್ಬೇಕಾ?”

ಮಧ್ಯಾಹ್ನದೊಳಗೆ ರಿಸೀವರ್ ಪೆಟ್ಟಿಗೆ ಸೇರಿತು.

ಬೇರೆ ವೀಕ್ಷಣಾಲಯಗಳಿಗೆ ತಾನೇ ಪತ್ರ ಬರೆದಳು. ನಿರ್ದೇಶಕರ ಸಹಿಯಿಲ್ಲದ ಪತ್ರವನ್ನು ಯಾರು ಕೇಳುತ್ತಾರೆ? ಏಳು ವಾರ ಕಳೆದು ಒಂದೇ ಉತ್ತರ ಬಂತು: ನೋಡಿದೆವು, ವಿಶೇಷವೇನೂ ಇಲ್ಲ. ಅಷ್ಟರಲ್ಲಿ ಅದು ಆರಿಹೋಗಿತ್ತು. ಇನ್ನೊಬ್ಬರು ಕಾಣದ ಆ ಒಂದು ದಿನದ ಅಳತೆಯನ್ನು ಹೊಸ ನಿರ್ದೇಶಕರು ‘ಹೊರಗಿನ ಅಡಚಣೆ’ ಎಂದು ದಾಖಲಿಸಿ ಮುಚ್ಚಿಬಿಟ್ಟರು.

ಅಳತೆಯ ಹಾಳೆ ಹಿಡಿದು ಅವಳು ಹಳೆಯ ನಿರ್ದೇಶಕರ ಮನೆಗೆ ಹೋದಳು. ಕಿಟಕಿಯ ಬಳಿ ಕೂತಿದ್ದ ಅವರ ಮಡಿಲಲ್ಲಿ ಹರಡಿದಳು.

“ಸರ್, ಎದ್ದಿತ್ತು. ನೀವು ಹೇಳಿದ ಹಾಗೇ.”

ಅವರ ಬೆರಳು ಗೆರೆಯ ಮೇಲೆ ಆಡಿ ತುದಿಯಲ್ಲಿ ನಿಂತಿತು. ಮುಖದಲ್ಲಿ ಕಳವಳ.

“ಯಾರದಮ್ಮಾ ಇದು? ಎದೆ ಬಡಿತ ಸರಿಯಿಲ್ಲ. ಬೇಗ ಡಾಕ್ಟರಿಗೆ ತೋರ್ಸಿ.”

“ಆಗ್ಲಿ ಸರ್,” ಎಂದಳು.

ನಿವೃತ್ತಿಗೆ ಇನ್ನೂ ಆರು ವರ್ಷವಿರುವಾಗಲೇ ಅವಳು ಕೆಲಸ ಬಿಟ್ಟಳು. ರಾಜೀನಾಮೆಯಲ್ಲಿ ಕಾರಣದ ಜಾಗ ಖಾಲಿಯಿತ್ತು. ಯಾರೂ ಕೇಳಲಿಲ್ಲ.