ವೆರ್ಲಾ ಕೇಳಿದ ರಬ್ಬರ್ ಹಾಸು

ವೆರ್ಲಾ ಹಾಗೆನ್ ಅಮೆರಿಕದ ಮೊಂಟಾನಾದ ಸಕ್ಕರೆ ಬೀಟ್ ಹೊಲಗಳಲ್ಲಿ ಇಪ್ಪತ್ತೆರಡು ಸುಗ್ಗಿಗಳ ಕಾಲ ಲಾರಿ ಓಡಿಸಿದವಳು. ಹಿಂದಿನ ಹೊರೆ ಒಂದಿಷ್ಟು ಸರಿದರೂ ಕೂತಲ್ಲೇ ಅವಳ ಬೆನ್ನಿಗೆ ಗೊತ್ತಾಗುತ್ತಿತ್ತು. ಆದರೂ ಊರಿನ ಗಂಡಸರ ಲೆಕ್ಕದಲ್ಲಿ ಅವಳು ಗೇಲನ್ ಹೆಂಡತಿ, ಅಷ್ಟೇ.

ಅರವತ್ತು ದಾಟಿದ ಮೇಲೆ ಗಂಡ ಹೆಂಡತಿ ಮನೆ ಮಾರಿ ಒಂದು ಕ್ಯಾಂಪರ್ ಕೊಂಡರು. ಪಿಕಪ್ ಗಾಡಿಯ ಬೆನ್ನ ಮೇಲೆ ಕೂರಿಸುವ ಪುಟ್ಟ ಮನೆ. ಒಲೆ, ಮಂಚ ಎಲ್ಲ ಅದರಲ್ಲೇ. ಚಳಿಗಾಲಕ್ಕೆ ಅರಿಜೋನಾ, ಸುಗ್ಗಿಗೆ ವಾಪಸು. ಉಳಿದ ಆಯುಷ್ಯಕ್ಕೆ ಅದೊಂದೇ ಸೂರು. ಅದರ ಕೆಳಗೆ, ಗಾಡಿಯ ತಳದ ಮೇಲೆ, ಏನು ಹಾಸಬೇಕು ಎಂಬುದು ಮಾತ್ರ ಬಾಕಿಯಿತ್ತು.

ವೆರ್ಲಾ ರಬ್ಬರ್ ಅಂದಳು. ಬೀಟ್ ರಾಶಿ ಹಾಕುವ ಯಂತ್ರದ ಸವೆದ ರಬ್ಬರ್ ಪಟ್ಟಿ ಸಕ್ಕರೆ ಕಾರ್ಖಾನೆಯ ಹಿತ್ತಲಲ್ಲಿ ಬಿದ್ದಿರುತ್ತದೆ. ಹೊಲದವರೆಲ್ಲ ಅದನ್ನೇ ಕೊಯ್ದು ಹಾಸುತ್ತಾರೆ, ಮೇಲಿಟ್ಟದ್ದು ಅಲುಗುವುದಿಲ್ಲ. ಹೊಸ ಗಾಡಿಗೆ ಗುಜರಿ ಹಾಸಿದರೆ ಜನ ನಗುತ್ತಾರೆಂದು ಗೇಲನ್ ಸಿಡುಕಿದ. ಅಂಗಡಿಯವನು ಗಾಡಿಯ ತಳಕ್ಕೆ ಒಳಗಿಂದ ಕೂರುವ ಹೊಳೆಯುವ ಪ್ಲಾಸ್ಟಿಕ್ ತೊಟ್ಟಿ ತೋರಿಸಿ, ಇದಿದ್ದರೆ ಬಣ್ಣಕ್ಕೆ ಒಂದು ಗೀರೂ ಬೀಳದು ಎಂದ. ಅದರ ಮೇಲೆ ಕ್ಯಾಂಪರ್ ಜಾರುತ್ತದೆ ಎಂದು ವೆರ್ಲಾ ಎರಡು ಸಲ ಹೇಳಿದಳು. ಅಂಗಡಿಯವನು ಗೇಲನ್ ಮುಖ ನೋಡಿ ನಕ್ಕ.

"ಬೀಟ್ ಹೊತ್ತಂಗಲ್ಲ ಕಣೇ ಇದು. ನೀನು ಹೋಗಿ ಕಿಟಕಿ ಪರದೆ ನೋಡು," ಅಂದ ಗೇಲನ್, ಪ್ಲಾಸ್ಟಿಕ್ ತೊಟ್ಟಿಗೇ ದುಡ್ಡು ಎಣಿಸುತ್ತ.

ಹೋಗಿ ನೋಡಿದಳು. ನಲವತ್ತು ವರ್ಷ ಹೀಗೇ ಹೋಗಿ ನೋಡಿದ್ದಳು. ಅದು ಅವಳ ತಪ್ಪು ಕೂಡ.

ಅಕ್ಟೋಬರ್ ಕೊನೆಗೆ ಅರಿಜೋನಾದ ದಾರಿ ಹಿಡಿದಾಗ, ವಯೋಮಿಂಗಿನ ಒಂದು ಇಳಿಜಾರಿನಲ್ಲಿ ಜಿಂಕೆ ಅಡ್ಡ ಬಂತು. ಗೇಲನ್ ಗಾಡಿಯನ್ನು ಗಕ್ಕನೆ ತಿರುಗಿಸಿದ. ಕ್ಯಾಂಪರ್ ಎಣ್ಣೆ ಸವರಿದ ಕಾವಲಿಯ ಮೇಲಿದ್ದಂತೆ ಪಕ್ಕಕ್ಕೆ ಸರಿಯಿತು. ಅದನ್ನು ಗಾಡಿಗೆ ಬಿಗಿದ ಸರಪಳಿಗಳು ತುಂಡಾಗಲಿಲ್ಲ; ಕ್ಯಾಂಪರಿನ ಕೊಂಡಿಗಳೇ ಕಿತ್ತು ಬಂದವು. ಮನೆ ಕಣಿವೆಗೆ ಉರುಳಿ ಚೂರಾಯಿತು. ಇಬ್ಬರಿಗೂ ಗಾಯವಾಗಲಿಲ್ಲ. ಪ್ಲಾಸ್ಟಿಕ್ಕಿನಡಿಯ ಬಣ್ಣಕ್ಕೂ ಗೀರು ಬೀಳಲಿಲ್ಲ.

ಊರಿಗೆ ಮರಳಿ ಮೋಟೆಲ್ಲಿನ ಹಿಂದಿನ ಕೋಣೆ ಹಿಡಿದರು. ಕೆಫೆಯಲ್ಲಿ ಗೇಲನ್ ಗೆಳೆಯರಿಗೆ ಬೇರೆಯೇ ಕತೆ ಹೇಳಿದ: ಸರಪಳಿ ಬಿಗಿದವಳು ವೆರ್ಲಾ, ಹೆಂಗಸಿನ ಕೈ, ಸಡಿಲವಾಗಿತ್ತು. ಅವಳು ಪಕ್ಕದಲ್ಲೇ ಕೂತು ಪ್ಯಾನ್‌ಕೇಕ್ ತಿನ್ನುತ್ತಿದ್ದಳು. ಮನೆ ಹೋದದ್ದಕ್ಕಿಂತ ಈ ಮಾತು ಅವಳನ್ನು ಹೆಚ್ಚು ಸುಟ್ಟಿತು.

"ಸರಪಳಿ, ಕಿತ್ತು ಬಂದ ಕೊಂಡಿ ಸಮೇತ, ಇನ್ನೂ ಗಾಡೀಲೇ ನೇತಾಡ್ತಿದೆ. ಸಡಿಲ ಇದ್ದಿದ್ರೆ ಕಳಚ್ಕೊಂಡು ಹೋಗ್ತಿತ್ತು. ಹೊರಗೇ ನಿಂತಿದೆಯಲ್ಲ, ಎದ್ದು ಹೋಗಿ ನೋಡ್ಕೊಂಡು ಬನ್ನಿ," ಅಂದಳು.

ಯಾರೂ ಏಳಲಿಲ್ಲ. ಒಬ್ಬ, ಪಾಪ ಅನ್ನುವಂತೆ, ಅವಳ ಲೋಟಕ್ಕೆ ಕಾಫಿ ಸುರಿದ.

ಮರುವಾರ ಗೇಲನ್ ದಪ್ಪ ರಬ್ಬರ್ ಹಾಸು ಹೊತ್ತು ತಂದ. ಮೆಕ್ಯಾನಿಕ್ ಹೇಳಿದನಂತೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವರಿಗೆ ನಾಚಿಕೆಯಾದರೂ ಇರಬೇಕು. ಇವನು ತಾನೇ ಕಂಡುಹಿಡಿದವನ ಗತ್ತಿನಲ್ಲಿ ಸುರುಳಿ ಬಿಚ್ಚಿದ.

"ರಬ್ಬರ್ ಮೇಲಿಟ್ರೆ ಜಾರೋದೇ ಇಲ್ಲ, ಗೊತ್ತಾ? ಬಾ, ಆ ತುದಿ ಹಿಡ್ಕೋ."

ವೆರ್ಲಾ ಬಾಗಿಲಲ್ಲೇ ನಿಂತಿದ್ದಳು. "ಮೇಲೆ ಏನಿಡ್ತೀಯ?" ಅಂದಳು.

ಗೇಲನ್ ಖಾಲಿ ಗಾಡಿಯನ್ನು ಒಂದು ಗಳಿಗೆ ನೋಡಿದ. ಆಮೇಲೆ ಆ ತುದಿಯನ್ನೂ ತಾನೇ ಹಿಡಿದು ಎಳೆಯತೊಡಗಿದ.