ನೀರಿನಲ್ಲಿ ಕಂಡ ಕಸ

ಮೊಸರಿನಲ್ಲಿ ಕಲ್ಲು ಹುಡುಕುವವರನ್ನು ಎಲ್ಲರೂ ಬೈಯುತ್ತಾರೆ. ನನ್ನ ದೊಡ್ಡಮ್ಮನಿಗೆ ಮಾತ್ರ ನೀರಿನಲ್ಲಿ ಕಸ ಹುಡುಕುವುದಕ್ಕೇ ಸಂಬಳ ಕೊಡುತ್ತಿದ್ದರು. ಗುಡ್ಡದ ಬುಡದಲ್ಲಿ ಬಂಡೆಯ ಬಿರುಕಿನಿಂದ ಜಿನುಗುವ ಒರತೆಯ ನೀರನ್ನು ಗಾಜಿನ ಬಾಟಲಿಗೆ ತುಂಬಿ ಮಾರುವ ಕಾರ್ಖಾನೆ ಅದು. ಬಾಟಲಿಯ ಮೇಲಿನ ಚೀಟಿಯಲ್ಲಿ ಹಿಮ ಹೊದ್ದ ಪರ್ವತವಿದೆ. ನಮ್ಮ ಗುಡ್ಡ ಹಿಮ ಕಂಡಿದ್ದು ಆ ಚೀಟಿಯಲ್ಲಿ ಮಾತ್ರ. ಅದನ್ನು ಅಂಟಿಸುವ ಯಂತ್ರದ ಪಕ್ಕ ನಿಲ್ಲುವವಳು ನಾನು, ಹಾಗಾಗಿ ಆ ಸುಳ್ಳಿನಲ್ಲಿ ನನಗೂ ಒಂದಿಷ್ಟು ಪಾಲಿದೆ.

ನನ್ನಿಂದ ಸ್ವಲ್ಪ ಹಿಂದೆ, ದೀಪದ ಕುರ್ಚಿಯಲ್ಲಿ ದೊಡ್ಡಮ್ಮ ಕೂರುತ್ತಿದ್ದಳು. ಎದುರಿಗೆ ಬೆಳ್ಳಗೆ ಉರಿಯುವ ಗಾಜಿನ ಹಲಗೆ. ಅದರ ಮುಂದೆ ತುಂಬಿದ ಬಾಟಲಿಗಳು ಸಾಲಾಗಿ ಹಾದುಹೋಗುತ್ತವೆ. ಅನುಮಾನ ಬಂದದ್ದನ್ನು ಕುತ್ತಿಗೆ ಹಿಡಿದು ಎತ್ತಿ, ಒಮ್ಮೆ ತಿರುಗಿಸಿ, ಥಟ್ಟನೆ ನಿಲ್ಲಿಸುತ್ತಿದ್ದಳು. ಬಾಟಲಿಯ ಜತೆ ಚುಕ್ಕೆಯೂ ನಿಂತರೆ ಅದು ಗಾಜಿನ ದೋಷ. ಬಾಟಲಿ ನಿಂತ ಮೇಲೂ ಚುಕ್ಕೆ ಮೆಲ್ಲಗೆ ತೇಲುತ್ತಿದ್ದರೆ ಅದು ನೀರಿನ ಕಸ. ಹೊಸಬರಿಗೆಲ್ಲ ಈ ಪರೀಕ್ಷೆ ಕಲಿಸಿದವಳು ಅವಳೇ. ಮ್ಯಾನೇಜರ್ ಕನ್ನಡಕ ಹಾಕಿಕೊಂಡು ನೋಡಿದರೂ ಕಾಣದ ಎಳೆಯೊಂದನ್ನು ಒಮ್ಮೆ ಹಿಡಿದುಕೊಟ್ಟ ಮೇಲೆ ಅವಳಿಗೆ ‘ಹದ್ದು’ ಎಂದೇ ಹೆಸರಾಯಿತು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಕರೆದಿದ್ದರೆ ಬೇಜಾರಿಗಿಂತ ಹಿಗ್ಗೇ ಹೆಚ್ಚಾಗುತ್ತಿತ್ತು.

ದೊಡ್ಡಪ್ಪ ಕೆಲಸ ಮಾಡುತ್ತಿದ್ದದ್ದು ಒರತೆಯ ಮೇಲೆ ಕಟ್ಟಿದ ಕಲ್ಲಿನ ಕೋಣೆಯಲ್ಲಿ. ಅದರ ಬೀಗದ ಕೈ ಸದಾ ಅವರ ಸೊಂಟದಲ್ಲಿ. ನೀರು ಸೋಸುವ ಫಿಲ್ಟರ್‌ಗಳನ್ನು ಬಿಚ್ಚಿ, ತೊಳೆದು, ಮತ್ತೆ ಕೂರಿಸುವುದು ಅವರ ಪಾಲಿನ ಕೆಲಸ. ಹಸುಗೂಸಿಗೆ ನೀರೆರೆಯುವ ಹಾಗೆ ತೊಳೆಯುತ್ತಿದ್ದರು. ಅಂಗೈ ಯಾವಾಗಲೂ ನೆನೆದು ಬೆಳ್ಳಗೆ ಸುಕ್ಕುಗಟ್ಟಿರುತ್ತಿತ್ತು. ಮಾತು ಮಾತ್ರ ತೂಕ ಹಾಕಿ ಆಡುವವರು.

ಆ ವರ್ಷ ಚಳಿ ಕಳೆಯುವ ಹೊತ್ತಿಗೆ ದೊಡ್ಡಮ್ಮ ಪಕ್ಕಕ್ಕಿಡುವ ಬಾಟಲಿಗಳು ಹೆಚ್ಚತೊಡಗಿದವು. ಕ್ರೇಟುಗಳು ಗೋಡೆಯುದ್ದಕ್ಕೂ ರಾಶಿಬಿದ್ದವು. ಪ್ರಯೋಗಾಲಯದವರು ನೀರು ಶುದ್ಧವಾಗಿದೆ ಎಂದರು. ಮ್ಯಾನೇಜರ್ ತಾವೇ ಎತ್ತಿ ನೋಡಿದರು, ಏನೂ ಕಾಣಲಿಲ್ಲ. ಆದರೆ ಹಿಂದೊಮ್ಮೆ ಕಾಣದೆ ಮುಖಭಂಗವಾಗಿತ್ತಲ್ಲ, ಈ ಸಲ ತಮ್ಮ ಕಣ್ಣನ್ನು ನಂಬುವ ಧೈರ್ಯ ಬರಲಿಲ್ಲ. ಹದ್ದು ಹೇಳಿದ ಮೇಲೆ ಕಸ ಇರಲೇಬೇಕು. ಒರತೆ ಕೆಟ್ಟಿಲ್ಲವೆಂದರೆ ಕೆಟ್ಟಿರುವುದು ಫಿಲ್ಟರ್. ಫಿಲ್ಟರ್ ಎಂದರೆ ದೊಡ್ಡಪ್ಪ.

ಅವತ್ತು ಸಂಜೆ ನಾನು ಅವರ ಅಡುಗೆಮನೆಯಲ್ಲೇ ಇದ್ದೆ. ದೊಡ್ಡಮ್ಮ ಪಾತ್ರೆ ತಿಕ್ಕುತ್ತಿದ್ದಳು. ದೊಡ್ಡಪ್ಪ ಬಾಗಿಲಿಗೆ ಒರಗಿ ನಿಂತು ಕೇಳಿದರು:

“ನಾನು ಹೇಗೆ ತೊಳೀತೀನಿ ಅಂತ ನಿನಗೆ ಗೊತ್ತಲ್ವಾ?”

“ಗೊತ್ತು. ಆದ್ರೆ ಬಾಟಲಿ ನಿಂತ ಮೇಲೂ ತೇಲ್ತಿದೆ ರೀ. ಕಂಡಿದ್ದನ್ನ ಕಂಡಿಲ್ಲ ಅನ್ಲಾ?”

“ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತಾರೆ.”

“ದಿನಾ ನಾನು ಮಾಡೋದು ಇನ್ನೇನು?”

“ಕಸ ಇಲ್ಲ ಅನ್ನು ಅಂತ ನಾನು ಹೇಳ್ತಿಲ್ಲ. ನಾಳೆ ಎಲ್ಲರ ಮುಂದೆ ಕೇಳ್ತಾರೆ. ನನ್ನ ಗಂಡ ಕೆಲಸಗಳ್ಳ ಅಲ್ಲ ಅಂತ ಒಂದು ಮಾತು ಹೇಳು, ಸಾಕು.”

ದೊಡ್ಡಮ್ಮ ನಲ್ಲಿ ತಿರುಗಿಸಿದಳು. ತಿಕ್ಕಿದ ಪಾತ್ರೆಗಳನ್ನು ಒಂದೊಂದಾಗಿ ತೊಳೆದಿಟ್ಟಳು.

ಮರುದಿನ ಯಂತ್ರ ನಿಲ್ಲಿಸಿ ಎಲ್ಲರನ್ನೂ ಸೇರಿಸಿದರು. ದೊಡ್ಡಪ್ಪ ಆಗತಾನೆ ತೊಳೆದ ಫಿಲ್ಟರ್ ಹಿಡಿದು ನಿಂತಿದ್ದರು, ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಮ್ಯಾನೇಜರ್ ದೊಡ್ಡಮ್ಮನ ಕಡೆ ತಿರುಗಿದರು.

“ನಿಮ್ಮ ಯಜಮಾನರ ಕೆಲಸದ ಬಗ್ಗೆ ಏನು ಹೇಳ್ತೀರಿ?”

“ನಾನು ದೀಪದ ಮುಂದೆ ಕೂತವಳು ಸರ್. ಗಂಡ ಅಂತ ನೋಡೋಕಾಗಲ್ಲ. ಕಸ ಇದೆ.”

ಹಿಂದಿನಿಂದ ಯಾರೋ ಭಲೇ ಎಂದರು. ಮನುಷ್ಯರೆಂದರೆ ಹೀಗಿರಬೇಕು ಎಂದು ತಲೆದೂಗಿದರು. ನನಗೆ ಮೈಯೆಲ್ಲ ಉರಿಯಿತು. ಆದರೆ ದೊಡ್ಡಮ್ಮನ ಮುಖ ನೋಡಿದೆ, ಅವಳಿಗೆ ಆ ಹೊಗಳಿಕೆ ಹಿತವಾಗಿತ್ತು. ಊಟದ ಹೊತ್ತಿಗೆ ಬೀಗದ ಕೈ ದೊಡ್ಡಪ್ಪನ ಸೊಂಟದಿಂದ ಬೇರೊಬ್ಬನ ಸೊಂಟಕ್ಕೆ ಹೋಯಿತು.

ಹೊಸಬ ಬಂದ ಮೇಲೂ ಕಸ ನಿಲ್ಲಲಿಲ್ಲ. ಅವನಿಗೆ ಇನ್ನೂ ಕೈ ಕುದುರಿಲ್ಲ ಎಂದರು. ದೊಡ್ಡಪ್ಪನಿಗೆ ಮಾತ್ರ ಅಂಥ ರಿಯಾಯಿತಿ ಯಾರೂ ಕೊಟ್ಟಿರಲಿಲ್ಲ.

ಖಾಲಿ ಕೂರಲಾರದೆ ದೊಡ್ಡಪ್ಪ ಒಂದು ರಜೆಯ ದಿನ ಮನೆಗೆ ಸುಣ್ಣ ಬಳಿಯಲು ಶುರುಮಾಡಿದರು. ಏಣಿ ಹಿಡಿಯಲು ನನ್ನನ್ನು ಕರೆದಿದ್ದರು. ಒಣಗಿದ ಗೋಡೆಯನ್ನು ದೊಡ್ಡಮ್ಮ ದೂರ ನಿಂತು ನೋಡಿದಳು. ನೋಡದಿದ್ದರೆ ಅವಳು ದೊಡ್ಡಮ್ಮನೇ ಅಲ್ಲ.

“ಅಲ್ಲೊಂದು ಕೂದಲು ಅಂಟಿದೆ, ತೆಗೀರಿ.”

ದೊಡ್ಡಪ್ಪ ಬೆರಳಿನಿಂದ ಒರೆಸಿದರು.

“ಅಲ್ಲಲ್ಲ, ಸ್ವಲ್ಪ ಕೆಳಗೆ. ಅಯ್ಯೋ, ಈಗ ಈ ಕಡೆ ಬಂತಲ್ಲ.”

ಗೋಡೆಯಲ್ಲಿ ಏನೂ ಇರಲಿಲ್ಲ. ದೊಡ್ಡಮ್ಮ ಪಕ್ಕದ ಗೋಡೆಗೆ ಕಣ್ಣು ಹೊರಳಿಸಿದಳು. ಆಮೇಲೆ ಕಿಟಕಿಯಾಚೆಯ ಬಿಳಿ ಆಕಾಶಕ್ಕೆ. ಅಲ್ಲಿಗೂ ಅದು ಬಂದಿರಬೇಕು. ಗಾಜಿನಲ್ಲೂ ಅಲ್ಲದ, ನೀರಿನಲ್ಲೂ ಅಲ್ಲದ ಚುಕ್ಕೆಗೆ ಅವಳ ಪರೀಕ್ಷೆಯಲ್ಲಿ ಜಾಗವೇ ಇರಲಿಲ್ಲ. ಅವಳು ಒಂದು ಕಣ್ಣು ಮುಚ್ಚಿ ನೋಡಿದಳು, ಆಮೇಲೆ ಇನ್ನೊಂದು. ಏಣಿಯ ಮೇಲಿದ್ದ ದೊಡ್ಡಪ್ಪ ಕುಂಚವನ್ನು ಮತ್ತೆ ಸುಣ್ಣದಲ್ಲಿ ಅದ್ದಿದರು. ಉಳಿದ ಗೋಡೆಗೆ ಸುಣ್ಣ ಬಳಿದು ಮುಗಿಸಿದರು.

ಬೆಳಗಾಗುತ್ತಲೇ ಅವಳು ತಾನಾಗಿ ಮ್ಯಾನೇಜರ್ ಬಳಿ ಹೋಗಿ ಎಲ್ಲ ಹೇಳಿದಳು. ಅಷ್ಟು ನಿಯತ್ತು ಅವಳಲ್ಲಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕಣ್ಣಿನ ಡಾಕ್ಟರು ಪರೀಕ್ಷಿಸಿ, ಕಣ್ಣಿನೊಳಗೇ ಎಳೆಗಳು ತೇಲುತ್ತಿವೆ, ವಯಸ್ಸಾದಂತೆ ಬರುತ್ತವೆ, ಅಭ್ಯಾಸ ಮಾಡಿಕೊಳ್ಳಿ ಎಂದು ಕಳಿಸಿದರು. ಅವಳನ್ನು ರಟ್ಟಿನ ಪೆಟ್ಟಿಗೆ ಮಡಿಸುವ ಕೋಣೆಗೆ ಹಾಕಿದರು. ದೊಡ್ಡಪ್ಪನನ್ನು ಮತ್ತೆ ಕರೆಸಿಕೊಳ್ಳಿ ಎಂದು ಅವಳು ಕೇಳಿದ್ದಕ್ಕೆ ಮ್ಯಾನೇಜರ್, “ಈಗ ಹೊಸಬನನ್ನ ಹೇಗಮ್ಮ ಕಳಿಸೋದು?” ಎಂದರು.

ಅದನ್ನು ಹೇಳಲು ಅವಳ ಜತೆ ನಾನೂ ಮನೆಗೆ ಹೋದೆ. ದೊಡ್ಡಪ್ಪ ಊಟಕ್ಕೆ ಕೂತಿದ್ದರು. ಅವರ ಅಂಗೈಯ ಸುಕ್ಕು ಹೋಗಿ ಒಣಗಿತ್ತು. ದೊಡ್ಡಮ್ಮ ಅಳುತ್ತಲೇ ಹೇಳಿದಳು:

“ನನ್ನ ಕಣ್ಣೇ ಕೆಟ್ಟಿತ್ತು ರೀ. ನಾನೇನು ಮಾಡ್ಲಿ?”

ಅವರು ತುತ್ತು ನುಂಗಿದರು. ದನಿಯಲ್ಲಿ ಕೋಪವಿರಲಿಲ್ಲ.

“ಕಣ್ಣು ಕೆಟ್ಟಿತ್ತು, ಸರಿ. ಬಾಯಿಗೇನಾಗಿತ್ತು?”

ದೊಡ್ಡಮ್ಮ ನೀರಿನ ಲೋಟವನ್ನು ಅವರ ಮುಂದಿಟ್ಟಳು. ಅವರು ಎದ್ದು ಹೋಗಿ, ಬೇರೊಂದು ಲೋಟವನ್ನು ನಲ್ಲಿಗೆ ಹಿಡಿದು, ತಾವೇ ತುಂಬಿಸಿಕೊಂಡು ಕುಡಿದರು.