ಕುಲಾವಿಯ ಬೈತಲೆ

ಖಾಲಾನ ಎಡಗೈ ತೋರುಬೆರಳಿನ ಮೇಲೆ ಅಡ್ಡಕ್ಕೆ ಒಂದು ಗೆರೆ ಇತ್ತು. ನೂಲು ಓಡಿ ಓಡಿ ಬಿದ್ದ ಗೆರೆ. ಬೆರಳೆಲ್ಲ ಕಪ್ಪಗಿದ್ದರೂ ಅದೊಂದು ಮಾತ್ರ ಬೆಳ್ಳಗೆ ಕಾಣುತ್ತಿತ್ತು. ರೊಟ್ಟಿ ಬಡಿಯುವಾಗ ಅದರಲ್ಲಿ ಹಿಟ್ಟು ಕೂಡುತ್ತಿತ್ತು. ಕ್ರೋಶಾ ಹಿಡಿದು ಕುಳಿತಳೆಂದರೆ ನೂಲೇ ಅದನ್ನು ಒರೆಸಿ ಹಾಕುತ್ತಿತ್ತು. ಬಲಗೈ ಹೆಬ್ಬೆರಳಿನ ಬುಡ ಯಾವಾಗಲೂ ಬಾತಿರುತ್ತಿತ್ತು. ಯಾಕೆ ಎಂದು ಕೇಳಿದರೆ, "ಅದು ನನ್ನ ಪಗಾರ ಬೇ," ಅನ್ನುತ್ತಿದ್ದಳು.

ನವಲಗುಂದದಲ್ಲಿ ನಮ್ಮ ಮನೆಗೂ ಆಕೆಯ ಮನೆಗೂ ನಡುವೆ ಒಂದೇ ಗೋಡೆ. ಆಕೆಯನ್ನು ನಾವೆಲ್ಲ ಖಾಲಾ, ಉರ್ದುವಿನಲ್ಲಿ ಚಿಕ್ಕವ್ವ, ಅಂತಲೇ ಕರೆಯುತ್ತಿದ್ದೆವು. ಎಂಬತ್ತರ ದಶಕದ ಮೊದಲ ವರ್ಷಗಳವು. ನಾನು ಎಂಟನೆಯ ಇಯತ್ತೆಯಲ್ಲಿದ್ದೆ. ಗೋಡೆಯ ಆಚೆ ಇಡೀ ದಿನ ಜಮಖಾನೆ ನೇಯುವ ಮಗ್ಗದ ಸದ್ದು. ಅದು ಖಾಲಾನ ತವರಿನ ಮಗ್ಗವೇ, ಆದರೆ ಆಕೆಗೆ ನೇಯಲು ಬರುತ್ತಿರಲಿಲ್ಲ. ಆ ಮನೆಯಲ್ಲಿ ನೇಯ್ಗೆಯನ್ನು ಸೊಸೆಯರಿಗೆ ಕಲಿಸುತ್ತಿದ್ದರೇ ಹೊರತು ಹೆಣ್ಣುಮಕ್ಕಳಿಗಲ್ಲ. ಮಗಳು ಲಗ್ನವಾಗಿ ಹೋದರೆ ಅವಳ ಬೆನ್ನಿಗೆ ಕಸುಬೂ ಹೋಗುತ್ತದೆಂಬ ಹೆದರಿಕೆ. ಖಾಲಾ ಲಗ್ನವಾಗಿ ಅಳ್ನಾವರಕ್ಕೆ ಹೋದಳು. ಗಂಡ ತೀರಿದ ಮೇಲೆ ಸಣ್ಣ ಮಗಳನ್ನು ಎತ್ತಿಕೊಂಡು ತಿರುಗಿ ಬಂದಳು. ಬಂದವಳಿಗೆ ಮಗ್ಗದ ಕೋಣೆಯಲ್ಲಿ ಜಾಗ ಇರಲಿಲ್ಲ. ಅಣ್ಣನ ಹೆಂಡತಿ ಒಳಗೆ ಮಗ್ಗದ ಮುಂದೆ, ಈಕೆ ಹೊರಗೆ ಕಟ್ಟೆಯ ಮೇಲೆ ಕ್ರೋಶಾ ಹಿಡಿದು. "ಈ ಮನ್ಯಾಗ ಹುಟ್ಟಿದಾಕಿ ಬಾಗಿಲ ಹೊರಗ, ಹೊರಗಿಂದ ಬಂದಾಕಿ ಬಾಗಿಲ ಒಳಗ," ಎಂದು ಒಮ್ಮೆ ನಕ್ಕಿದ್ದಳು. ನಗಲಿಕ್ಕೂ ದಣಿವಾಗಿದೆ ಅನ್ನಿಸುವಂಥ ನಗು.

ನಮಾಜಿನ ಟೋಪಿಗಳನ್ನು ಆಕೆ ವರ್ಷವಿಡೀ ಹೆಣೆಯುತ್ತಿದ್ದಳು. ಯಮನೂರಿನ ಉರುಸಿಗೆ ಅಂಗಡಿ ಹಾಕುವವರು ಬಂದು ಒಯ್ಯುತ್ತಿದ್ದರು. ಅದರಲ್ಲಿ ಅವಸರವಿರಲಿಲ್ಲ. ಆಕೆಯನ್ನು ಹಣ್ಣು ಮಾಡಿದ್ದು ಕುಲಾವಿ. ಊರಿನ ಎಲ್ಲ ಜಾತಿಯ ಕೂಸುಗಳ ತಲೆಗೂ ಆಕೆಯ ಕೈಯ ಬಿಳಿ ಕುಲಾವಿಯೇ ಬೇಕು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ ಎಂಬ ಗಾದೆಯನ್ನು ಬೇರೆ ಕಡೆ ಅವಸರದವರನ್ನು ಚಾಷ್ಟಿ ಮಾಡಿ ನಗಲು ಹೇಳುತ್ತಾರೆ. ನಮ್ಮ ಓಣಿಯಲ್ಲಿ ಅದು ಕಟ್ಟಳೆ. ಹಡೆದ ಸುದ್ದಿ ಬರುವ ತನಕ ಕುಲಾವಿಯ ನೂಲಿಗೆ ಕೈ ಹಚ್ಚುವಂತಿಲ್ಲ. ಸುದ್ದಿ ತಂದವರು ಕೂಸಿನ ತಲೆಯ ಸುತ್ತಳತೆಗೆ ಗಂಟು ಹಾಕಿದ ಒಂದು ದಾರ ತರುತ್ತಿದ್ದರು. ಗಂಡೋ ಹೆಣ್ಣೋ ಎಂದು ಖಾಲಾ ಕೇಳುತ್ತಿರಲಿಲ್ಲ. ದಾರ ಹಿಗ್ಗಿಸಿ ನೋಡಿ, "ತೊಟ್ಟಿಲ ಯಾವತ್ತ?" ಎಂದಷ್ಟೇ ಕೇಳುತ್ತಿದ್ದಳು. ಕೆಲವರಿಗೆ ಹದಿಮೂರನೆಯ ದಿನ, ಖಾಲಾನ ಮಂದಿಗೆ ಆರನೆಯ ದಿನದ ಛಟ್ಟಿ. ಒಂದೇ ವಾರದಲ್ಲಿ ನಾಲ್ಕು ದಾರ ಬಂದದ್ದೂ ಉಂಟು. "ಈ ಊರಾಗ ಯಾರೂ ಒಬ್ಬೊಬ್ಬರ ಹಡಿಯೂದಿಲ್ಲ, ಎಲ್ಲಾರೂ ಕೂಡೇ ಹಡೀತಾರ," ಎಂದು ಗೊಣಗುತ್ತ ಕೂರುತ್ತಿದ್ದಳು. ಬೇರೆಯವರ ಮನೆಯ ಖುಷಿಗೆಲ್ಲ ಈಕೆಯ ಕೈ ನೋಯುತ್ತಿತ್ತು.

ನಾನು ಎಡಚಿ. ನಮ್ಮ ಅಜ್ಜಿ ಊಟದ ಹೊತ್ತಿಗೆ ನನ್ನ ಎಡಗೈಗೆ ಹಳೆಯ ಅರಿವೆ ಸುತ್ತಿ ಕಟ್ಟುತ್ತಿದ್ದಳು. ಒಂದು ದಿನ ಖಾಲಾನ ಮನೆಯ ಹಿಟ್ಟಿನ ಸಾಣಿಗೆ ತಿರುಗಿ ಕೊಡಲು ಹೋದವಳು ಕಟ್ಟೆಯ ಮೇಲೆ ಬಿದ್ದಿದ್ದ ಕ್ರೋಶಾ ಕಡ್ಡಿಯನ್ನು ಎತ್ತಿಕೊಂಡೆ, ಎಡಗೈಯಲ್ಲೇ. ಆಕೆ ನೋಡಿದ್ದು ಕಂಡು ಕೈ ಬೆನ್ನ ಹಿಂದೆ ಒಯ್ದೆ.

"ಯಾಕ ಮುಚ್ಚತಿ? ಯಾವ ಕೈಯಾಗ ಬರತೈತಿ ಆ ಕೈಯಾಗ ಹಿಡಿ. ಕಡ್ಡಿಗೇನು ಗೊತ್ತು?" ಎಂದಳು. "ಬಾಜೂಕ ಕುಂದ್ರಬ್ಯಾಡ. ನನ್ನ ಎದುರಿಗಿ ಕುಂದ್ರು. ಕನ್ನಡಿ ನೋಡಿದಂಗ ನೋಡಿ ಮಾಡು."

ನನಗೆ ಅಲ್ಲಿಯವರೆಗೆ ಯಾರೂ ಏನನ್ನೂ ಹಾಗೆ ಕಲಿಸಿರಲಿಲ್ಲ. ಆಕೆಯ ಬಲಗೈ ಮಾಡಿದ್ದನ್ನು ನನ್ನ ಎಡಗೈ ಮಾಡಿತು. ತಿಂಗಳೊಳಗೆ ನನ್ನ ಬಲಗೈ ಬೆರಳಿನ ಮೇಲೆ ಕೆಂಪಗೆ ಒಂದು ಗೆರೆ ಮೂಡಿತು.

ಕುಲಾವಿ ನೆತ್ತಿಯಿಂದ ಸುರುವಾಗಿ ಸುತ್ತು ಸುತ್ತಾಗಿ ಇಳಿಯುತ್ತದೆ. ಒಂದು ಸುತ್ತಿನ ಕೊನೆಯ ಕಣ್ಣನ್ನು, ಅಂದರೆ ಕುಣಿಕೆಯನ್ನು, ಅದರ ಮೊದಲ ಕಣ್ಣಿಗೆ ಕೂಡಿಸಿ, ಅಲ್ಲಿಂದಲೇ ಮುಂದಿನ ಸುತ್ತಿಗೆ ಹೊರಡಬೇಕು. ಹೀಗೆ ಕೂಡಿಸಿದ ಜಾಗಗಳು ಒಂದರ ಕೆಳಗೊಂದು ಬಂದು ಒಂದು ಗೆರೆಯಾಗುತ್ತವೆ. ಖಾಲಾ ಅದಕ್ಕೆ ಬೈತಲೆ ಅನ್ನುತ್ತಿದ್ದಳು. ಅದು ಕೂಸಿನ ಹಿಂದಲೆಯ ನಟ್ಟ ನಡುವೆ ನೆಟ್ಟಗಿಳಿಯಬೇಕು. ಆದರೆ ಕ್ರೋಶಾದ ಕಣ್ಣು ಹಿಂದಿನ ಸುತ್ತಿನ ಕಣ್ಣಿನ ಮೇಲೆ ಸರಿಯಾಗಿ ಕೂರುವುದಿಲ್ಲ, ಒಂದಿಷ್ಟು ಬಲಕ್ಕೆ ಜರುಗುತ್ತದೆ. ಒಂದು ಸುತ್ತಿನಲ್ಲಿ ಅದು ಕಾಣುವುದಿಲ್ಲ. ಇಪ್ಪತ್ತು ಸುತ್ತು ಆಗುವಷ್ಟರಲ್ಲಿ ಬೈತಲೆ ಕಿವಿಯ ಕಡೆ ಹೋಗಿರುತ್ತದೆ. ಅದಕ್ಕೇ ಖಾಲಾ ಪ್ರತಿ ಸುತ್ತಿನ ಮೊದಲ ಕಣ್ಣಿಗೆ ಒಂದು ಕೆಂಪು ದಾರದ ತುಣುಕು ಸಿಕ್ಕಿಸುತ್ತಿದ್ದಳು, ನಾಲ್ಕನೆಯ ಸುತ್ತಿಗೊಮ್ಮೆ ಒಂದು ಕಣ್ಣು ಹಿಂದಕ್ಕೆ ಸರಿದು ಹೊರಡುತ್ತಿದ್ದಳು. "ಇದು ನೆಟ್ಟಗ ಹೋಗೂ ಜಾತಿ ಅಲ್ಲ. ನಾವ ಹಿಡಿದು ಹಿಡಿದು ನಿಲ್ಲಸಬೇಕು," ಎಂಬುದು ಆಕೆಯ ಮಾತು. ಬೇರೆ ಹೆಣೆಯುವವರು ಸೊಟ್ಟಾದದ್ದನ್ನು ಗಂಜಿಯಲ್ಲಿ ಅದ್ದಿ, ಬೋರಲು ಹಾಕಿದ ತಂಬಿಗೆಯ ಮೇಲೆ ಎಳೆದು ಒಣಗಿಸಿ ನೆಟ್ಟಗೆ ಮಾಡುತ್ತಿದ್ದರು. ನನ್ನ ಮೊದಲ ಕುಲಾವಿ ಎಡಕ್ಕೆ ಓಡಿದಾಗ ನಾನೂ ಹಾಗೇ ಮಾಡೋಣವೆಂದೆ.

ಖಾಲಾ ಅದನ್ನು ಬೆಳಕಿಗೆ ಹಿಡಿದು ನೋಡಿದಳು. "ಮೂರನೇ ಸುತ್ತಿನ್ಯಾಗ ಕೆಂಪು ದಾರ ಹಾಕೂದು ಮರತಿ. ಆಮ್ಯಾಲ ಹದಿನೆಂಟು ಸುತ್ತು ಆ ತಪ್ಪಿನ ಮ್ಯಾಲ ಹೆಣದಿ," ಎಂದು ನೂಲಿನ ತುದಿ ಹಿಡಿದು ಎಳೆಯತೊಡಗಿದಳು. ಒಂದು ವಾರದ ಕೆಲಸ ನನ್ನ ಕಣ್ಣೆದುರೇ ಹಾರಿ ಹೋಯಿತು. ನಾನು ಅತ್ತೆ. "ಅಳಬ್ಯಾಡ. ಗಂಜಿ ತೊಳದ ದಿನ ಖರೇ ಹೊರಗ ಬರತೈತಿ," ಎಂದು ಉಂಡೆ ಸುತ್ತಿ ನನ್ನ ಉಡಿಗೆ ಹಾಕಿದಳು. ಆಮೇಲೆ ಏನು ಅನ್ನಿಸಿತೋ, "ನಂದು ಬಲಕ್ಕ ಓಡತೈತಿ, ನಿಂದು ಎಡಕ್ಕ ಓಡತೈತಿ. ಇಬ್ಬರಿಗೂ ನೆಟ್ಟಗ ಹೋಗಾಕ ಬರೂದಿಲ್ಲ ನೋಡು," ಎಂದು ನನ್ನ ತಲೆ ಸವರಿದಳು.

ಮಗಳನ್ನು ಖಾಲಾ ಅಳ್ನಾವರಕ್ಕೇ ಕೊಟ್ಟಿದ್ದಳು. ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಆ ಮಗಳು ಮೊದಲ ಬಸಿರಿನಲ್ಲಿ ಗಂಡನ ಮನೆಯಲ್ಲೇ ಇದ್ದಳು. ಒಂದು ಮಧ್ಯಾಹ್ನ ಸಾಲೆಯಿಂದ ಬೇಗ ಬಂದವಳು ನೋಡುತ್ತೇನೆ, ಖಾಲಾನ ಕೈಯಲ್ಲಿ ಅರ್ಧ ಹೆಣೆದ ಕುಲಾವಿ. ಆ ವಾರ ಊರಲ್ಲಿ ಯಾರೂ ಹಡೆದಿರಲಿಲ್ಲ.

"ಯಾರ ಮನೀದು?" ಎಂದು ಕೇಳಿದೆ.

ಆಕೆ ಅದನ್ನು ಸೆರಗಿನಡಿ ಸರಿಸಿದಳು. "ಕೈ ಭಾಳ ನೋಯತೈತಿ ಬೇ. ಸುದ್ದಿ ಬಂದ ಮ್ಯಾಲ ಆರು ದಿನದಾಗ ಮುಗಿಸಾಕ ಆಗತೈತೋ ಇಲ್ಲೋ. ಅದಕ್ಕ ಅರ್ಧ ಮಾಡಿ ಇಡತೀನಿ. ಯಾರ ಮುಂದೂ ಅನಬ್ಯಾಡ."

ನಾನು ಯಾರ ಮುಂದೂ ಅನ್ನಲಿಲ್ಲ. ಹದಿನೈದು ದಿನಕ್ಕೆ ಅಳ್ನಾವರದಿಂದ ಸುದ್ದಿ ಬಂತು. ಕೂಸು ಎರಡೇ ದಿನ ಇತ್ತಂತೆ. ಖಾಲಾ ಹೋಗಿ ಮಗಳ ಹತ್ತಿರ ಇದ್ದು ಬಂದಳು. ಬಂದ ಮೇಲೆ ಮೊದಲಿನಂತೆಯೇ ಕಟ್ಟೆಯ ಮೇಲೆ ಕುಳಿತಳು, ಬೇರೆಯವರ ಕೂಸುಗಳಿಗೆ ಮೊದಲಿನಂತೆಯೇ ಹೆಣೆದಳು. ಮಾತು ಮಾತ್ರ ಕಮ್ಮಿಯಾಯಿತು. ಆಕೆ ಏನು ಅಂದುಕೊಂಡಿದ್ದಾಳೆಂಬುದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆಯೆಂಬುದು ಆಕೆಗೆ ಗೊತ್ತಿತ್ತು. ಎರಡು ವರ್ಷ ನಾವಿಬ್ಬರೂ ಅದನ್ನು ಹೊತ್ತುಕೊಂಡು ಎದುರುಬದುರು ಕುಳಿತೆವು. ಹದಿನಾಲ್ಕು ವರ್ಷದ ಹುಡುಗಿಗೆ ಅದು ಭಾರವೇ.

ಎರಡನೆಯ ಹೆರಿಗೆಗೆ ಮಗಳನ್ನು ನವಲಗುಂದಕ್ಕೇ ಕರೆದುಕೊಂಡು ಬಂದಳು. ಈ ಸಲ ನೂಲನ್ನು ಮನೆಯೊಳಗೆ ತರಲೂ ಬಿಡಲಿಲ್ಲ. ಹೆಣ್ಣು ಕೂಸು ಹುಟ್ಟಿ, ಅತ್ತು, ಹಾಲು ಕುಡಿದ ಮೇಲೆಯೇ ನನ್ನನ್ನು ಬಜಾರಕ್ಕೆ ಕಳಿಸಿದಳು. ಆರನೆಯ ದಿನ ಛಟ್ಟಿ, ಅಳ್ನಾವರದ ಬೀಗರು ಬರುವವರು. ಹುಬ್ಬಳ್ಳಿಯಿಂದ ಕೊಂಡ ಟೋಪಿ ತರುತ್ತೇವೆಂದು ಅವರು ಹೇಳಿ ಕಳಿಸಿದ್ದರು. ಖಾಲಾ ಒಪ್ಪಲಿಲ್ಲ. "ಹೋದ ಸರ್ತಿದು ಅರ್ಧಾನೇ ಉಳೀತು. ಈ ಸರ್ತಿ ಮುಗಸಬೇಕು," ಎಂದು ನನಗೊಬ್ಬಳಿಗೇ ಕೇಳುವಂತೆ ಹೇಳಿದಳು. ಆಕೆಗೆ ಅದು ಬರೀ ಕುಲಾವಿಯಾಗಿರಲಿಲ್ಲ. ಮುಗಿದರೆ ಕೂಸು ಉಳಿಯುತ್ತದೆ ಎಂದು ಆಕೆಯ ಮನಸ್ಸು ಎಲ್ಲೋ ಗಂಟು ಹಾಕಿಕೊಂಡಿತ್ತು.

ಮೊದಲ ದಿನ ನೆತ್ತಿ ಆಯಿತು. ಎರಡನೆಯ ದಿನ ಐದು ಸುತ್ತು. ಮೂರನೆಯ ದಿನ ಬೆಳಿಗ್ಗೆ ಹೆಬ್ಬೆರಳು ಮಡಚಲೇ ಇಲ್ಲ. ಬಿಸಿನೀರಿನಲ್ಲಿ ಇಟ್ಟಳು, ಎಣ್ಣೆ ತಿಕ್ಕಿಸಿಕೊಂಡಳು, ಕಡ್ಡಿಗೆ ಅರಿವೆ ಸುತ್ತಿ ದಪ್ಪ ಮಾಡಿ ಹಿಡಿದಳು. ಸುತ್ತು ಮುಗಿಯುವ ಮುಂಚೆ ಕಡ್ಡಿ ಜಾರಿ ಬೀಳುತ್ತಿತ್ತು. ಮಧ್ಯಾಹ್ನ ನನ್ನ ಕಡೆ ನೋಡಿದಳು.

"ಎದುರಿಗಿ ಕುಂದ್ರು. ಒಂದು ಸುತ್ತು ನಾ, ಒಂದು ಸುತ್ತು ನೀ."

ನಾನು ಕೈ ಹಿಂದಕ್ಕೆ ಎಳೆದುಕೊಂಡೆ. "ನಂದು ಎಡಗೈ ಖಾಲಾ. ಶುಭ ಕಾರ್ಯಕ್ಕ..."

ಒಳಗಿನಿಂದ ಆಕೆಯ ಅಣ್ಣನ ಹೆಂಡತಿಯೂ ಅದನ್ನೇ ಅಂದಳು. "ಎಡಗೈಲೆ ಹೆಣದದ್ದು ಕೂಸಿನ ತಲಿಗೆ ಇಡತೀರೇನು? ಒಂದು ಸರ್ತಿ ಆಗಿದ್ದು ಸಾಲದಾ?"

ಖಾಲಾ ಬಾಗಿಲ ಕಡೆ ತಿರುಗಿದಳು. ಆಮೇಲೆ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದಳು: "ಹೋದ ಸರ್ತಿದು ಬಲಗೈಲೇನ ಹೆಣದಿದ್ದೆ. ಕೂಸು ಹುಟ್ಟೂಕಿಂತ ಮುಂಚೆ, ಕದ್ದು ಹೆಣದಿದ್ದೆ. ಉಳೀತೇನು?"

ಮಗ್ಗ ನಿಂತಿತು. ಬಾಣಂತಿ ಕೋಣೆಯ ಬಾಗಿಲು ತೆರೆದೇ ಇತ್ತು. ಮಗಳು ಕೇಳಿಸಿಕೊಂಡಳೆಂಬುದು ನಮಗೆಲ್ಲ ಗೊತ್ತಾಯಿತು. ಖಾಲಾ ತಲೆ ತಗ್ಗಿಸಿ ಕುಳಿತಳು. ಎರಡು ವರ್ಷ ಮುಚ್ಚಿಟ್ಟಿದ್ದನ್ನು ಒಂದು ಎಡಗೈಯನ್ನು ಕಾಯಲು ಖರ್ಚು ಮಾಡಿಬಿಟ್ಟಿದ್ದಳು. ಆ ಎಡಗೈ ನನ್ನದು.

ಒಳಗಿನಿಂದ ಮಗಳ ದನಿ ಬಂತು. ಮನೆಯಲ್ಲಿ ಅವರ ಮಾತು ಉರ್ದು, ನಾನು ಇದ್ದೆನೆಂದೋ ಏನೋ ಕನ್ನಡದಲ್ಲೇ ಅಂದಳು. "ಅದು ಹುಟ್ಟಿದಾಗನ ಭಾಳ ಸಣ್ಣದಿತ್ತಮ್ಮಾ. ಉಸರಾ ಸರಿ ಇರಲಿಲ್ಲ. ಕುಲಾವಿಂದೇನೈತಿ ಅದರಾಗ? ಹೆಣೀರಿ ಇಬ್ಬರೂ. ಕೂಸಿನ ತಲಿ ತಣ್ಣಗ ಆಗೇತಿ."

ಖಾಲಾ ಕಣ್ಣು ಒರೆಸಿಕೊಳ್ಳಲಿಲ್ಲ, ಎರಡೂ ಕೈಯಲ್ಲಿ ನೂಲಿತ್ತು. ಸುತ್ತು ಮುಗಿಸಿ ನನ್ನ ಕೈಗೆ ಕೊಟ್ಟಳು. ನಾನು ಹೆಣೆಯುವಾಗ ಆಕೆ ಕೈಯನ್ನು ಬಿಸಿನೀರಿನಲ್ಲಿ ಇಡುತ್ತಿದ್ದಳು. ನಂತರ ಒರೆಸಿಕೊಂಡು ತಾನು ತೆಗೆದುಕೊಳ್ಳುತ್ತಿದ್ದಳು. ಆಕೆ ಈ ಕಡೆಯಿಂದ ಹೋದರೆ ನಾನು ಆ ಕಡೆಯಿಂದ ಬರುತ್ತಿದ್ದೆ. ಐದನೆಯ ದಿನ ಹೊತ್ತು ಇಳಿಯುವ ಮುಂಚೆ ಕೊನೆಯ ಕಣ್ಣು ಕೂಡಿತು.

ಖಾಲಾ ಕುಲಾವಿಯನ್ನು ಮೊಣಕಾಲಿನ ಮೇಲೆ ಹಾಕಿ ಕೆಂಪು ದಾರದ ತುಣುಕುಗಳನ್ನು ಒಂದೊಂದಾಗಿ ಕಿತ್ತಳು. ಮೂರನೆಯ ದಿನದಿಂದ ನಾವು ಒಮ್ಮೆಯೂ ಹಿಂದಕ್ಕೆ ಸರಿದಿರಲಿಲ್ಲ, ನೆನಪೇ ಆಗಿರಲಿಲ್ಲ. ಆದರೂ ಬೈತಲೆ ನೆತ್ತಿಯಿಂದ ಅಂಚಿನ ತನಕ ನೆಟ್ಟಗಿತ್ತು. ಆಕೆ ಬಲಕ್ಕೆ ಎಳೆದದ್ದನ್ನು ನಾನು ಎಡಕ್ಕೆ ಎಳೆದಿದ್ದೆ. ಆಕೆ ಉಗುರಿನಿಂದ ಅದರ ಉದ್ದಕ್ಕೂ ಗೀರಿದಳು.

"ಇಪ್ಪತ್ತು ವರ್ಷದಾಗ ಇಷ್ಟು ನೆಟ್ಟಗ ಬಂದಿದ್ದಿಲ್ಲ," ಎಂದಳು. ಹಾಗೇ ಗೋಡೆಗೆ ಒರಗಿ ಕುಳಿತಲ್ಲೇ ನಿದ್ದೆ ಹೋದಳು. ಆಕೆ ಹಗಲು ಹೊತ್ತಿನಲ್ಲಿ ಮಲಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕೂಸು ಉಳಿಯಿತು, ಬೆಳೆಯಿತು, ಅಳ್ನಾವರದಲ್ಲಿ ಸಾಲೆಗೆ ಹೋಯಿತು.

ಆಮೇಲೆ ಖಾಲಾ ಹೊಸ ದಾರ ತೆಗೆದುಕೊಳ್ಳುವುದನ್ನು ಕಮ್ಮಿ ಮಾಡಿದಳು. ನನ್ನ ಲಗ್ನ ಕುಂದಗೋಳದ ಕಡೆಗೆ ಆಯಿತು. ನಾನು ಮೊದಲ ಬಸಿರಿನಲ್ಲಿದ್ದಾಗ ಆಕೆ ತೀರಿಕೊಂಡಳು. ಬಸಿರಿ ಸಾವಿನ ಮನೆಗೆ ಹೋಗಬಾರದೆಂದು ನನಗೆ ಎರಡು ತಿಂಗಳು ಹೇಳಲೇ ಇಲ್ಲ. ಹೇಳಿದ ದಿನ ಅಳಲೂ ಬಿಡಲಿಲ್ಲ.

ಕೂಸು ಹುಟ್ಟಿದ ಮರುದಿನ ಅವ್ವ ಒಂದು ಅರಿವೆಯ ಗಂಟು ತಂದು ನನ್ನ ಮಗ್ಗುಲಲ್ಲಿ ಇಟ್ಟಳು. ಖಾಲಾ ಸಾಯುವ ಮುಂಚೆ ಕೊಟ್ಟದ್ದಂತೆ, ಹಡೆದ ಮೇಲೆಯೇ ಕೊಡಬೇಕೆಂದು ಹೇಳಿದ್ದಳಂತೆ. ಬಿಚ್ಚಿದೆ. ಆಕೆಯ ಕ್ರೋಶಾ ಕಡ್ಡಿ, ಒಂದು ಹೊಸ ಬಿಳಿ ನೂಲಿನ ಉಂಡೆ, ಕೆಂಪು ದಾರದ ತುಣುಕುಗಳು. ಹೆಣೆದದ್ದು ಒಂದು ಕಣ್ಣೂ ಇರಲಿಲ್ಲ. ಒಮ್ಮೆ ಮೀರಿದ ಕಟ್ಟಳೆಯನ್ನು ಆಕೆ ಕೊನೆಯವರೆಗೂ ಮತ್ತೆ ಮೀರಲಿಲ್ಲ.

ಬಾಣಂತಿ ಕಡ್ಡಿ ಹಿಡಿದರೆ ಕಣ್ಣು ಹೋಗುತ್ತದೆಂದು ಅವ್ವ ಬೈದಳು. ಹಿಡಿದೆ. ಹನ್ನೆರಡು ದಿನ, ಕೂಸು ಮಲಗಿದಾಗಲೆಲ್ಲ ಒಂದೊಂದು ಸುತ್ತು ಹೆಣೆದೆ. ಮೈಯೆಲ್ಲ ಸೋತಿತ್ತು. ಎದುರಿಗೆ ಯಾರೂ ಇರಲಿಲ್ಲ. ನಾಲ್ಕನೆಯ ಸುತ್ತಿಗೊಮ್ಮೆ ಹಿಂದಕ್ಕೆ ಸರಿಯಬೇಕೆಂಬುದು ಗೊತ್ತಿದ್ದೂ ಸರಿಯಲಿಲ್ಲ. ಮುಗಿದಾಗ ಬೈತಲೆ ಎಡ ಕಿವಿಯ ಹತ್ತಿರ ಹೋಗಿತ್ತು.

ಅವ್ವ ಅದನ್ನು ನೋಡಿ, "ಗಂಜಿ ಹಾಕಿ ಎಳದರ ನೆಟ್ಟಗ ಆಗತೈತಿ, ತಾ," ಅಂದಳು. ಖಾಲಾ ಇದ್ದಿದ್ದರೆ ತುದಿ ಹಿಡಿದು ಪೂರ್ತಿ ಬಿಚ್ಚಿಬಿಡುತ್ತಿದ್ದಳು. ನಾನು ಎರಡನ್ನೂ ಮಾಡಲಿಲ್ಲ. ಅದರಲ್ಲಿ ಇದ್ದದ್ದು ನನ್ನ ಸುತ್ತುಗಳಷ್ಟೇ, ಖಾಲಾನ ಸುತ್ತು ಒಂದೂ ಇರಲಿಲ್ಲ. ಸೊಟ್ಟಗಿದ್ದಂತೆಯೇ ಕೂಸಿನ ತಲೆಗೆ ಇಟ್ಟೆ.